‘ರನ್’ ಪದಕ್ಕೆ ಅರ್ಥವೆಷ್ಟು?

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದು? ಕ್ವಿಜ್ ನಡೆಸುವವರಿಗೆ ಬಲು ಇಷ್ಟವಾದ ಈ ಪ್ರಶ್ನೆಗೆ ಬಹುಕಾಲ ‘ಸೆಟ್’ ಎಂಬುದೇ ಸರಿಯುತ್ತರವಾಗಿತ್ತು. 2011ರಲ್ಲಿ ಆ ಪಟ್ಟ ‘ರನ್’ ಪಾಲಾಯಿತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಪೀಟರ್ ಗಿಲಿವರ್ ಸುಮಾರು ಒಂಬತ್ತು ತಿಂಗಳು ಈ ಒಂದೇ ಪದದೊಂದಿಗೆ ಕೂತು ಹಳೆಯ ನಮೂದನ್ನು ಹೊಸದಾಗಿ ಬರೆದರು. ಕೊನೆಗೆ ಲೆಕ್ಕ 645ಕ್ಕೆ ಬಂದು ನಿಂತಿತು. ಅದೂ ಕ್ರಿಯಾಪದದ್ದು ಮಾತ್ರ. ನಾಮಪದವಾಗಿ ಅದೇ ಪದಕ್ಕಿರುವ ಅರ್ಥಗಳು ಈ ಲೆಕ್ಕದಲ್ಲಿಲ್ಲ.

ಸಂಖ್ಯೆ ದೊಡ್ಡದಾದ್ದರಿಂದ ಪತ್ರಿಕೆಗಳಿಗೆ ಸುದ್ದಿಯಾಯಿತು. ಲೇಖಕ ಸೈಮನ್ ವಿಂಚೆಸ್ಟರ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆಯುತ್ತ, ‘ಸೆಟ್’ ನೆಮ್ಮದಿಯ ಹಳೆಯ ಕಾಲದ ಪದ, ‘ರನ್’ ನಮ್ಮ ಧಾವಂತದ ಕಾಲದ ಪದ ಎಂಬ ಧಾಟಿಯಲ್ಲಿ ವ್ಯಾಖ್ಯಾನಿಸಿದರು. ಓದಲು ಸೊಗಸಾಗಿದೆ, ಆದರೆ ಒಪ್ಪುವುದು ಕಷ್ಟ. ‘ಸೆಟ್’ ಪದದ ನಮೂದನ್ನು ಹೆನ್ರಿ ಬ್ರಾಡ್ಲಿ ಸಿದ್ಧಪಡಿಸಿದ್ದು 1910ರ ದಶಕದ ಮೊದಲಲ್ಲಿ. 1989ರ ಎರಡನೆಯ ಆವೃತ್ತಿಯಲ್ಲೂ ಬಹುಪಾಲು ಅದೇ ಉಳಿದಿತ್ತು. ‘ರನ್’ ನಮೂದು 2011ರಲ್ಲಿ, ಕಂಪ್ಯೂಟರಿನಲ್ಲಿ ಸಿಗುವ ಅಪಾರ ಪಠ್ಯರಾಶಿಯನ್ನು ಜಾಲಾಡಿ ಬರೆದದ್ದು. ನೂರು ವರ್ಷದ ಹಿಂದಿನ ಜನಗಣತಿಯ ಪಕ್ಕದಲ್ಲಿ ಈಗಿನದನ್ನು ಇಟ್ಟು ಯಾವ ಊರು ದೊಡ್ಡದು ಎಂದು ಕೇಳಿದರೆ ಸಿಗುವ ಉತ್ತರಕ್ಕೆ ಎಷ್ಟು ಬೆಲೆಯೋ ಇದಕ್ಕೂ ಅಷ್ಟೇ.

ಲೆಕ್ಕದ ಗೊಂದಲ ಅಲ್ಲಿಗೇ ಮುಗಿಯುವುದಿಲ್ಲ. ಗಿನ್ನೆಸ್ ದಾಖಲೆ ಪುಸ್ತಕದ ಹಳೆಯ ಆವೃತ್ತಿಗಳು ‘ಸೆಟ್’ಗೆ ನಾಮಪದವಾಗಿ 58, ಕ್ರಿಯಾಪದವಾಗಿ 126, ವಿಶೇಷಣವಾಗಿ 10 ಬಳಕೆಗಳಿವೆ ಎಂದು ಹೇಳುತ್ತಿದ್ದವು. ಒಟ್ಟು 194. ಆಕ್ಸ್‌ಫರ್ಡ್ ಎರಡನೆಯ ಆವೃತ್ತಿಯ ಬಗ್ಗೆ ಬರೆಯುವವರು ಅದೇ ಪದದ ಕ್ರಿಯಾರೂಪವೊಂದಕ್ಕೇ ಸುಮಾರು 430 ಅರ್ಥ, ವಿವರಣೆಗೆ 60,000 ಪದ ಎನ್ನುತ್ತಾರೆ. ಇಬ್ಬರದೂ ಸುಳ್ಳಲ್ಲ. ಒಬ್ಬರು ಮುಖ್ಯ ವಿಭಾಗಗಳನ್ನು ಎಣಿಸಿದರೆ ಇನ್ನೊಬ್ಬರು ಅದರೊಳಗಿನ ಅ, ಆ, ಇ ಉಪವಿಭಾಗಗಳನ್ನೂ ಪಕ್ಕದ ಪದ ಸೇರಿ ಆಗುವ ನುಡಿಗಟ್ಟುಗಳನ್ನೂ ಎಣಿಸಿದ್ದಾರೆ. ಹಾಗಿದ್ದರೆ ಅರ್ಥವೆಂಬುದು ಎಣಿಸಬಹುದಾದ ವಸ್ತುವೇ? ಈ ಪ್ರಶ್ನೆ ಕ್ವಿಜ್‌ಗಿಂತ ಹಳೆಯದು. ನಿಘಂಟುಕಾರರು, ನ್ಯಾಯಾಧೀಶರು, ಮೇಷ್ಟರು, ಈಚೆಗೆ ಕಂಪ್ಯೂಟರ್ ವಿಜ್ಞಾನಿಗಳು, ಎಲ್ಲರೂ ಇದರೊಂದಿಗೆ ಗುದ್ದಾಡಿದ್ದಾರೆ.

ಮೊದಲ ಇಂಗ್ಲಿಷ್ ನಿಘಂಟುಕಾರರಿಗೆ ಈ ತಲೆನೋವೇ ಇರಲಿಲ್ಲ, ಏಕೆಂದರೆ ಅವರು ಸಾಮಾನ್ಯ ಪದಗಳ ಗೊಡವೆಗೇ ಹೋಗಲಿಲ್ಲ. 1604ರಲ್ಲಿ ರಾಬರ್ಟ್ ಕಾಡ್ರಿ ತಂದ ಪುಸ್ತಕದಲ್ಲಿ ಇದ್ದದ್ದು ಸುಮಾರು 2,500 ಕಠಿಣ ಪದಗಳು, ಪ್ರತಿಯೊಂದಕ್ಕೂ ಒಂದೆರಡು ಮಾತಿನ ವಿವರಣೆ. ಓಡು, ಕೂಡು, ಇಡು ಎಂಬಂಥವು ಎಲ್ಲರಿಗೂ ಗೊತ್ತಿರುವಾಗ ಬರೆಯುವುದೇಕೆ? ದಿನಬಳಕೆಯ ಪದಗಳು ಇಂಗ್ಲಿಷ್ ನಿಘಂಟಿನೊಳಗೆ ಬಂದದ್ದು 18ನೆಯ ಶತಮಾನದ ಹೊಸ್ತಿಲಲ್ಲಿ, 1702ರಲ್ಲಿ ಜಾನ್ ಕರ್ಸಿಯದೆಂದು ಹೇಳುವ ನಿಘಂಟಿನೊಂದಿಗೆ. ಬಂದ ಮೇಲೆ ಗೊತ್ತಾಯಿತು, ನಿಜಕ್ಕೂ ಕಠಿಣ ಪದಗಳು ಇವೇ ಎಂದು. ಕಬ್ಬಿಣದ ಕಡಲೆಯಂಥ ಲ್ಯಾಟಿನ್ ಪದಕ್ಕೆ ಒಂದು ಸಾಲು ಸಾಕು. ‘ಟೇಕ್’ ಎಂಬ ಪುಟ್ಟ ಪದಕ್ಕೆ ಪುಟಗಟ್ಟಲೆ ಬರೆದರೂ ಸಾಲದು.

1749ರಲ್ಲಿ ಬೆಂಜಮಿನ್ ಮಾರ್ಟಿನ್ ಎಂಬಾತ ಒಂದು ಪದದ ಅರ್ಥಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕುವ ಕ್ರಮ ತಂದ. ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವನು ಸ್ಯಾಮ್ಯುಯೆಲ್ ಜಾನ್ಸನ್. 1755ರಲ್ಲಿ ಹೊರಬಂದ ಅವನ ನಿಘಂಟಿನಲ್ಲಿ 42,773 ನಮೂದುಗಳು, ಒಂದು ಲಕ್ಷಕ್ಕೂ ಮಿಗಿಲಾದ ಸಾಹಿತ್ಯೋದಾಹರಣೆಗಳು. ಅದರಲ್ಲಿ ‘ಟೇಕ್’ ಒಂದಕ್ಕೇ 134 ಅರ್ಥಗಳು, ಐದು ಪುಟ. ಮುನ್ನುಡಿಯಲ್ಲಿ ಆತ ತನ್ನನ್ನು ಸುಸ್ತು ಮಾಡಿದ ಕ್ರಿಯಾಪದಗಳ ಪಟ್ಟಿಯನ್ನೇ ಕೊಡುತ್ತಾನೆ. ಬರು, ಹೋಗು, ಕೊಡು, ಇಡು, ಮಾಡು, ತಿರುಗು, ಎಸೆ ಎಂಬ ಅರ್ಥದ ಪದಗಳ ನಡುವೆ ನಮ್ಮ ‘ರನ್’, ‘ಸೆಟ್’ ಎರಡೂ ಇವೆ. ಇವುಗಳ ಅರ್ಥ ಎಷ್ಟು ಸಡಿಲವೆಂದರೆ ಯಾವ ಬೇಲಿಯೊಳಗೂ ನಿಲ್ಲುವುದಿಲ್ಲ ಎಂಬುದು ಅವನ ಗೋಳು. ಸಂಖ್ಯೆ ಹಾಕುವ ಪದ್ಧತಿಯನ್ನು ಜನಪ್ರಿಯಗೊಳಿಸಿದವನೇ ಅದರ ಮೇಲೆ ಪೂರ್ತಿ ನಂಬಿಕೆ ಇಟ್ಟಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಆಕ್ಸ್‌ಫರ್ಡ್ ನಿಘಂಟು ಹೋದದ್ದು ಇನ್ನೊಂದು ದಾರಿ. 1857ರಲ್ಲಿ ಲಂಡನ್ನಿನ ಫಿಲಾಲಜಿಕಲ್ ಸೊಸೈಟಿಯಲ್ಲಿ ಹುಟ್ಟಿದ ಆ ಯೋಜನೆಯ ಮೊದಲ ಕಂತು ಹೊರಬಂದದ್ದು 1884ರಲ್ಲಿ, ಮುಗಿದದ್ದು 1928ರಲ್ಲಿ. ಸಂಪಾದಕ ಜೇಮ್ಸ್ ಮರ್ರೆ ಹಿತ್ತಲಿನ ಕಬ್ಬಿಣದ ಶೆಡ್ಡಿನಲ್ಲಿ ಕೂತು ಊರೂರಿನ ಓದುಗರು ಕಳಿಸುತ್ತಿದ್ದ ಚೀಟಿಗಳನ್ನು ವಿಂಗಡಿಸುತ್ತಿದ್ದರು. ಒಂದೊಂದು ಚೀಟಿಯಲ್ಲಿ ಒಂದು ಪದ, ಅದು ಬಂದಿರುವ ಒಂದು ವಾಕ್ಯ, ಪುಸ್ತಕದ ಹೆಸರು, ವರ್ಷ. ಸುಮಾರು ಐವತ್ತು ಲಕ್ಷ ಚೀಟಿಗಳು ಬಂದವು. ಅರ್ಥ ವಿಂಗಡಣೆ ಎಂದರೆ ಪ್ರಾಯೋಗಿಕವಾಗಿ ಇಷ್ಟೇ: ಒಂದು ಪದದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರವಿ, ಒಂದೇ ಬಗೆಯವು ಎನಿಸಿದ್ದನ್ನು ಒಂದು ಗುಡ್ಡೆ ಮಾಡುವುದು. ಎಷ್ಟು ಗುಡ್ಡೆಯೋ ಅಷ್ಟು ಅರ್ಥ. ಹಳೆಯ ಬಳಕೆ ಮೊದಲು, ಹೊಸದು ಕೊನೆಗೆ. ಗುಡ್ಡೆ ಮಾಡುವ ಕೈ ಬದಲಾದರೆ ಗುಡ್ಡೆಗಳ ಸಂಖ್ಯೆಯೂ ಬದಲಾಗುತ್ತದೆ. ಮೊದಲ ಆವೃತ್ತಿಯಲ್ಲಿ ‘ರನ್’ ಪದದ ಗುಡ್ಡೆಗಳು ವಿಲಿಯಂ ಕ್ರೇಗಿ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರವು. 2011ರವು ಗಿಲಿವರ್ ಅವರವು.

ಇನ್ನು ಆ ಪದವನ್ನೇ ನೋಡೋಣ. ಇಂಗ್ಲಿಷಿನಲ್ಲಿ ಹುಡುಗ ರನ್ ಮಾಡುತ್ತಾನೆ, ನದಿ ರನ್ ಆಗುತ್ತದೆ, ನೆಗಡಿಯಾದವರ ಮೂಗು ರನ್ ಆಗುತ್ತದೆ, ಒಗೆದ ಸೀರೆಯ ಬಣ್ಣ ರನ್ ಆಗುತ್ತದೆ, ರಸ್ತೆ ಕೆರೆಯ ಬದಿಯಲ್ಲಿ ರನ್ ಆಗುತ್ತದೆ, ಕರಾರು ಮೂರು ವರ್ಷ ರನ್ ಆಗುತ್ತದೆ. ಸಂಪಾದಕ ಸುದ್ದಿಯನ್ನು ರನ್ ಮಾಡುತ್ತಾನೆ, ಜ್ವರ ಬಂದವನು ಮೈಬಿಸಿಯನ್ನು ರನ್ ಮಾಡುತ್ತಾನೆ, ಕಳ್ಳಸಾಗಣೆದಾರ ಬಂದೂಕುಗಳನ್ನು ರನ್ ಮಾಡುತ್ತಾನೆ. ಹೆಂಗಸರ ನೈಲಾನ್ ಕಾಲುಚೀಲದ ಎಳೆ ಬಿಚ್ಚಿಕೊಂಡು ಮೇಲಕ್ಕೆ ಹೋದರೆ ಅದೂ ರನ್. ಠೇವಣಿದಾರರೆಲ್ಲ ಒಂದೇ ದಿನ ಬಂದು ಹಣ ಕೇಳಿದರೆ ಬ್ಯಾಂಕಿನ ಮೇಲೆ ರನ್. ಕನ್ನಡಕ್ಕೆ ತಂದಾಗ ಇವು ಒಂದೊಂದೂ ಒಂದೊಂದು ದಿಕ್ಕಿಗೆ ಹೋಗುತ್ತವೆ: ಹುಡುಗ ಓಡುತ್ತಾನೆ, ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಬಣ್ಣ ಬಿಡುತ್ತದೆ, ರಸ್ತೆ ಹಾದುಹೋಗುತ್ತದೆ, ಕರಾರು ಜಾರಿಯಲ್ಲಿರುತ್ತದೆ, ಸುದ್ದಿ ಅಚ್ಚಾಗುತ್ತದೆ, ಜ್ವರ ಕಾಯುತ್ತದೆ.

ಎರಡು ಕಡೆ ವ್ಯತ್ಯಾಸ ಇನ್ನೂ ಚೆಂದ. ಇಂಗ್ಲಿಷರು ಹೋಟೆಲನ್ನು ರನ್ ಮಾಡುತ್ತಾರೆ. ನಾವು ಹೋಟೆಲು ನಡೆಸುತ್ತೇವೆ, ಸಂಸಾರವನ್ನೂ ಸರ್ಕಾರವನ್ನೂ ನಡೆಸುತ್ತೇವೆ. ಅವರು ಓಡಿಸುವಲ್ಲಿ ನಮ್ಮದು ನಡಿಗೆ. ಚುನಾವಣೆಯಲ್ಲಿ ಅಮೆರಿಕದ ಅಭ್ಯರ್ಥಿ ರನ್ ಮಾಡಿದರೆ ಬ್ರಿಟನ್ನಿನ ಅಭ್ಯರ್ಥಿ ನಿಲ್ಲುತ್ತಾನೆ. ಕರ್ನಾಟಕದಲ್ಲೂ ಅಭ್ಯರ್ಥಿ ನಿಲ್ಲುವುದೇ, ಓಡುವುದಲ್ಲ. ಒಂದೇ ಭಾಷೆಯವರಾದ ಅಮೆರಿಕನ್ನರಿಗೂ ಬ್ರಿಟಿಷರಿಗೂ ಒಂದೇ ಕೆಲಸಕ್ಕೆ ಓಟ ಮತ್ತು ನಿಲುಗಡೆ ಎರಡೂ ಒಪ್ಪುತ್ತವೆ ಎಂದ ಮೇಲೆ, ಆ ಪದಗಳಲ್ಲಿ ಕಾಲಿನ ಚಲನೆ ಎಷ್ಟು ಉಳಿದಿದೆ ಎಂಬುದು ಅನುಮಾನ.

ಓಟವೇ ಮೂಲ ಅರ್ಥ, ಉಳಿದವೆಲ್ಲ ಅದರ ಕೊಂಬೆ ಎಂದು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಪದದ ಚರಿತ್ರೆ ಅಷ್ಟು ಸರಳವಾಗಿಲ್ಲ. ಹಳೆಯ ಇಂಗ್ಲಿಷಿನ ‘ರಿನ್ನನ್’ ಎಂಬ ಧಾತುವಿಗೆ ಹರಿಯುವುದು, ಓಡುವುದು ಎರಡೂ ಅರ್ಥಗಳಿದ್ದವು. ‘ಓಡಿಸು’ ಎಂಬ ಪ್ರೇರಣಾರ್ಥಕ ರೂಪ ಬೇರೆಯೇ ಇತ್ತು. ಜೊತೆಗೆ ಸ್ಕ್ಯಾಂಡಿನೇವಿಯದಿಂದ ಬಂದವರ ‘ರೆನ್ನ’ ಸೇರಿಕೊಂಡಿತು. ಇವೆಲ್ಲ ಕೂಡಿ ಒಂದಾದದ್ದೇ ಇಂದಿನ ಪದ. ಜರ್ಮನ್ ಭಾಷೆ ಈ ಎರಡನ್ನೂ ಬೇರೆಯಾಗಿಯೇ ಉಳಿಸಿಕೊಂಡಿದೆ: ‘ರಿನ್ನೆನ್’ ಎಂದರೆ ಹರಿ, ‘ರೆನ್ನೆನ್’ ಎಂದರೆ ಓಡು. ಹಾಗಾಗಿ ನದಿ ರನ್ ಆಗುವುದು ಕವಿಸಮಯವಲ್ಲ; ಅದು ಕಾಲಿನ ಓಟದಷ್ಟೇ ಹಳೆಯ ಬಳಕೆ.

ಆಮೇಲೆ ಯಂತ್ರಯುಗ ಬಂತು. ಗಿರಣಿ, ರೈಲು, ಮೋಟಾರು, ಕೊನೆಗೆ ಕಂಪ್ಯೂಟರಿನ ಪ್ರೋಗ್ರಾಂ, ಎಲ್ಲವೂ ಈ ಪದದ ಹೆಗಲೇರಿದವು. ತಾನಾಗಿ ಚಲಿಸುವ ವಸ್ತುವಿಗೆ ಒಂದು ಪದ ಬೇಕಾಗಿತ್ತು, ಕೈಗೆ ಸಿಕ್ಕಿದ್ದು ಇದು. ಕನ್ನಡದಲ್ಲೂ ಹೀಗೆಯೇ ಆಗಿದೆ. ಮಷೀನು ಓಡುತ್ತದೆ, ಬಸ್ಸು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ. ಇದನ್ನು ಇಂಗ್ಲಿಷಿನ ಪ್ರಭಾವ ಎಂದು ತಳ್ಳಿಹಾಕುವವರಿದ್ದಾರೆ. ಗಡಿಯಾರ ಓಡುತ್ತದೆ, ಬುದ್ಧಿ ಓಡುತ್ತದೆ, ದೃಷ್ಟಿ ಓಡುತ್ತದೆ ಎನ್ನುವ ಭಾಷೆಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕ್ರಿಕೆಟಿನ ರನ್ನಿನದು ಬೇರೆಯದೇ ಕಥೆ. ಮೊದಮೊದಲು ಅಂಕವನ್ನು ಕೋಲಿನ ಮೇಲೆ ಕಚ್ಚು ಹಾಕಿ ಗುರುತಿಸುತ್ತಿದ್ದರು. ಅಂಕಕ್ಕೂ ‘ಕಚ್ಚು’ ಎಂದೇ ಹೆಸರಿತ್ತು. ವಿಕೆಟ್ಟುಗಳ ನಡುವಿನ ಓಟವೇ ಅಂಕದ ಹೆಸರಾದದ್ದು ಅದನ್ನು ಹಿಂದೆ ಹಾಕಿ. ಈಗ ನೋಡಿ, ಚೆಂಡು ಗೆರೆ ದಾಟಿದರೆ ಯಾರೂ ಓಡಬೇಕಿಲ್ಲ, ನಾಲ್ಕು ರನ್. ನೋಬಾಲಿಗೆ ಒಂದು ರನ್, ಬ್ಯಾಟ್ಸ್‌ಮನ್ ನಿಂತಲ್ಲೇ ನಿಂತಿರಬಹುದು. ಓಡದೆ ಬಂದ ರನ್ನನ್ನು ಓಡಿ ಪಡೆದ ರನ್ನಿನಿಂದ ಬೇರೆ ಅರ್ಥವೆಂದು ಎಣಿಸಬೇಕೇ? ಆಟಗಾರನಿಗೆ ಈ ಪ್ರಶ್ನೆಯೇ ಹುಚ್ಚೆನಿಸುತ್ತದೆ. ನಿಘಂಟುಕಾರನಿಗೆ ಅದು ಇಡೀ ದಿನದ ಕೆಲಸ.

‘ಸೆಟ್’ ವಿಷಯಕ್ಕೆ ಬಂದರೆ ಇನ್ನೊಂದು ಬಗೆಯ ತೊಡಕು. ಕ್ರಿಯಾಪದವಾಗಿ ಅದು ‘ಕೂರು’ ಎಂಬುದರ ಪ್ರೇರಣಾರ್ಥಕ, ಎಂದರೆ ‘ಕೂರಿಸು’. ಆದರೆ ಗುಂಪು, ಜೊತೆ ಎಂಬರ್ಥದ ನಾಮಪದ ಬಹುಪಾಲು ಹಳೆಯ ಫ್ರೆಂಚಿನ ‘ಸೆತ್’ನಿಂದ, ಅದರ ಹಿಂದಿರುವ ಲ್ಯಾಟಿನ್ನಿನ ‘ಸೆಕ್ತ’ದಿಂದ ಬಂದದ್ದು; ಪಂಥ ಎಂಬರ್ಥದ ‘ಸೆಕ್ಟ್’ ಕೂಡ ಅಲ್ಲಿಯದೇ. ಎರಡು ಮನೆತನದವರು ಒಂದೇ ಹೆಸರಿಟ್ಟುಕೊಂಡು ಕೊನೆಗೆ ಒಂದೇ ಮನೆಯವರಾಗಿಬಿಟ್ಟರು. ಒಂದೇ ಪದಕ್ಕೆ ಹಲವು ಅರ್ಥ ಎನ್ನುವುದಕ್ಕೂ, ಹಲವು ಪದಗಳಿಗೆ ಒಂದೇ ಉಚ್ಚಾರ ಎನ್ನುವುದಕ್ಕೂ ನಡುವಿನ ಗೆರೆ ಇಷ್ಟು ತೆಳು. ಪಠ್ಯಪುಸ್ತಕಗಳು ಈ ಎರಡನೆಯದಕ್ಕೆ ಕೊಡುವ ಅಚ್ಚುಮೆಚ್ಚಿನ ಉದಾಹರಣೆ ‘ಬ್ಯಾಂಕ್’: ನದಿಯ ದಡ ಒಂದು, ಹಣದ ಸಂಸ್ಥೆ ಇನ್ನೊಂದು, ಪರಸ್ಪರ ಸಂಬಂಧವಿಲ್ಲ ಎಂದು. ಚರಿತ್ರೆ ಕೆದಕಿದರೆ ದಡದ ಪದ ಉತ್ತರದ ನಾರ್ಸ್ ಭಾಷೆಯಿಂದ, ಹಣದ್ದು ಹಣ ಬದಲಿಸುವವನ ಬೆಂಚು ಎಂಬರ್ಥದ ಇಟಾಲಿಯನ್ ಪದದಿಂದ ಬಂದಿವೆ. ಆದರೆ ಇವೆರಡರ ಮುತ್ತಜ್ಜ ಒಂದೇ ಜರ್ಮಾನಿಕ್ ಮೂಲ.

‘ಸೆಟ್’ ಕನ್ನಡಕ್ಕೆ ಬಂದ ಮೇಲೂ ಸುಮ್ಮನಿಲ್ಲ. ಸೆಟ್ ದೋಸೆ ನಮ್ಮ ಹೋಟೆಲುಗಳದು. ‘ಅದು ನನಗೆ ಸೆಟ್ ಆಗಲ್ಲ’ ಎಂದರೆ ಹೊಂದುವುದಿಲ್ಲ. ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಸಿನಿಮಾ ಪುಟಗಳ ‘ಸೆಟ್ಟೇರಿತು’. ಚಿತ್ರೀಕರಣ ಶುರುವಾಯಿತು ಎಂಬುದಕ್ಕೆ ನಮ್ಮ ವರದಿಗಾರರು ಕಟ್ಟಿಕೊಂಡ ಈ ಕ್ರಿಯಾಪದ ಇಂಗ್ಲಿಷಿನಲ್ಲಿ ಇಲ್ಲ. ಹಸೆಮಣೆ ಏರಿದ, ರಂಗವೇರಿದ ಎನ್ನುವ ಜಾಡಿನಲ್ಲಿ ಸೆಟ್ಟನ್ನೂ ಏರಿಸಿಬಿಟ್ಟರು.

ಒಂದು ಪದಕ್ಕೆ ಹಲವು ಅರ್ಥವಿರುವ ಗುಣಕ್ಕೆ ಪಶ್ಚಿಮದಲ್ಲಿ ‘ಪಾಲಿಸೆಮಿ’ ಎಂಬ ಹೆಸರು ನೆಲೆಗೊಂಡದ್ದು 1897ರಲ್ಲಿ ಫ್ರಾನ್ಸಿನ ಮಿಷೆಲ್ ಬ್ರೆಆಲ್ ಬರೆದ ಶಬ್ದಾರ್ಥಶಾಸ್ತ್ರದ ಪುಸ್ತಕದಿಂದ. 1945ರಲ್ಲಿ ಅಮೆರಿಕದ ಜಾರ್ಜ್ ಜಿಪ್ಫ್ ಒಂದು ನಿಯಮವನ್ನೂ ಕಂಡುಕೊಂಡರು: ಪದವೊಂದು ಎಷ್ಟು ಸಲ ಬಳಕೆಯಾಗುತ್ತದೆಯೋ ಅದರ ವರ್ಗಮೂಲಕ್ಕೆ ಹೆಚ್ಚುಕಡಿಮೆ ಅನುಗುಣವಾಗಿ ಅದರ ಅರ್ಥಗಳ ಸಂಖ್ಯೆ ಇರುತ್ತದೆ. ನಾಲ್ಕು ಪಟ್ಟು ಹೆಚ್ಚು ಬಳಸುವ ಪದಕ್ಕೆ ಎರಡು ಪಟ್ಟು ಅರ್ಥ. ಆಡುವವರಿಗೆ ಕಡಿಮೆ ಪದಗಳಲ್ಲಿ ಕೆಲಸ ಮುಗಿಸುವ ಆಸೆ, ಕೇಳುವವರಿಗೆ ಒಂದೊಂದಕ್ಕೂ ಬೇರೆ ಪದವಿರಲಿ ಎಂಬ ಆಸೆ. ಈ ಹಗ್ಗಜಗ್ಗಾಟದ ಫಲ ಇದು ಎಂದು ಅವರ ವಾದ. ಕನ್ನಡದ ‘ಹೊಡೆ’ಯನ್ನು ನೋಡಿದರೆ ಒಪ್ಪಬೇಕೆನಿಸುತ್ತದೆ. ಮೊಳೆ ಹೊಡೆಯುತ್ತೇವೆ, ಬಣ್ಣ ಹೊಡೆಯುತ್ತೇವೆ, ಬೆಳೆಗೆ ಔಷಧಿ ಹೊಡೆಯುತ್ತೇವೆ, ಗಾಡಿ ಹೊಡೆಯುತ್ತೇವೆ, ಹರಟೆ, ಗೊರಕೆ, ಕಾಪಿ, ಡೈಲಾಗ್, ಪಲ್ಟಿ ಎಲ್ಲವನ್ನೂ ಹೊಡೆಯುತ್ತೇವೆ. ಬಿಸಿಲು ಹೊಡೆಯುತ್ತದೆ, ವಾಸನೆ ಹೊಡೆಯುತ್ತದೆ, ಅದೃಷ್ಟವಿದ್ದರೆ ಲಾಟರಿಯೂ ಹೊಡೆಯುತ್ತದೆ. ಗೊರಕೆ ಹೊಡೆಯುವಾಗ ಏಟು ಯಾರಿಗೂ ಬೀಳುವುದಿಲ್ಲ. ಅಲ್ಲಿ ಅರ್ಥವೆಲ್ಲ ಗೊರಕೆಯದು, ‘ಹೊಡೆ’ ಬರೀ ಕ್ರಿಯೆಯ ಬಾಲ ಹಿಡಿದಿದೆ.

ಇದರಲ್ಲಿ ನಿಘಂಟುಕಾರ ಎಲ್ಲಿ ಗೆರೆ ಎಳೆಯಬೇಕು? 1997ರಲ್ಲಿ ಬ್ರಿಟನ್ನಿನ ಆಡಂ ಕಿಲ್ಗರಿಫ್, ಪದಗಳಿಗೆ ಎಣಿಸಬಹುದಾದ ಅರ್ಥಗಳಿವೆ ಎಂದು ತಾನು ನಂಬುವುದಿಲ್ಲ ಎಂಬರ್ಥದ ಶೀರ್ಷಿಕೆಯಲ್ಲೇ ಒಂದು ಪ್ರಬಂಧ ಬರೆದರು. ನಿಘಂಟಿನ ಕೆಲಸ, ಕಂಪ್ಯೂಟರ್ ಭಾಷಾವಿಜ್ಞಾನ ಎರಡನ್ನೂ ಬಲ್ಲವರ ಮಾತಾದ್ದರಿಂದ ಅದಕ್ಕೆ ತೂಕವಿತ್ತು. ವಾಕ್ಯಗಳ ಗುಡ್ಡೆಗಳು ಇರುವುದು ನಿಜ. ಎಷ್ಟು ಗುಡ್ಡೆ ಎಂಬುದು ಯಾವ ಕೆಲಸಕ್ಕಾಗಿ ವಿಂಗಡಿಸುತ್ತಿದ್ದೇವೆ ಎಂಬುದರ ಮೇಲೆ ನಿಂತಿದೆ ಎಂದು ಅವರ ತರ್ಕ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಜಾರ್ಜ್ ಮಿಲ್ಲರ್ 1985ರಲ್ಲಿ ಆರಂಭಿಸಿದ ವರ್ಡ್‌ನೆಟ್ ಎಂಬ ಪದಜಾಲದಲ್ಲಿ ‘ರನ್’ ಕ್ರಿಯಾಪದಕ್ಕೆ ಇರುವುದು 41 ಅರ್ಥ. ಆಕ್ಸ್‌ಫರ್ಡಿನ 645 ಎಲ್ಲಿ, ಇದೆಲ್ಲಿ! ಆ 41ರ ಮಟ್ಟದಲ್ಲೇ ಜನರ ನಡುವೆ ಒಮ್ಮತ ಕಷ್ಟ. ಒಂದು ವಾಕ್ಯ ಕೊಟ್ಟು, ಇಲ್ಲಿರುವುದು ವರ್ಡ್‌ನೆಟ್ಟಿನ ಯಾವ ಅರ್ಥ ಎಂದು ಇಬ್ಬರನ್ನು ಬೇರೆಬೇರೆಯಾಗಿ ಕೇಳಿದರೆ ಹತ್ತರಲ್ಲಿ ಏಳರಷ್ಟು ಸಲ ಮಾತ್ರ ಉತ್ತರ ಹೊಂದುತ್ತದೆ. 2006ರಲ್ಲಿ ಬಂದ ಆಂಟೋನೋಟ್ಸ್ ಎಂಬ ಯೋಜನೆಯವರು ಇದಕ್ಕೆ ಸುಲಭದ ಉಪಾಯ ಮಾಡಿದರು: ಇಬ್ಬರ ಉತ್ತರ ಶೇ 90ರಷ್ಟು ಹೊಂದುವವರೆಗೂ ಅರ್ಥಗಳನ್ನು ಒಂದರೊಳಗೊಂದು ಸೇರಿಸುತ್ತ ಹೋಗುವುದು. ಇದು ವ್ಯಾವಹಾರಿಕ ಜಾಣತನ. ಆದರೆ ಅರ್ಥದ ಸಂಖ್ಯೆಯನ್ನು ಮೊದಲು ಕಂಡುಹಿಡಿಯುವುದಲ್ಲ, ನಾವೇ ನಿಗದಿ ಮಾಡುವುದು ಎಂಬುದನ್ನು ಅದು ಬಾಯಿಬಿಟ್ಟು ಹೇಳಿದಂತಾಯಿತು.

ಇವೆಲ್ಲ ವಿದ್ವಾಂಸರ ಹರಟೆ ಎನ್ನುವವರು ಅಮೆರಿಕದ ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳನ್ನು ನೋಡಬೇಕು. ಮಾದಕವಸ್ತು ಅಪರಾಧದಲ್ಲಿ ಬಂದೂಕನ್ನು ‘ಬಳಸಿದರೆ’ ಅಥವಾ ‘ಒಯ್ದರೆ’ ಹೆಚ್ಚಿನ ಸೆರೆ ಎನ್ನುತ್ತದೆ ಅಲ್ಲಿನ ಒಂದು ಕಾನೂನು. ‘ಯೂಸ್’, ‘ಕ್ಯಾರಿ’, ಎರಡೂ ಮಕ್ಕಳ ಪಾಠದ ಪದಗಳು. ಸ್ಮಿತ್ ಎಂಬಾತ ತನ್ನ ಮಷೀನ್‌ಗನ್ ಕೊಟ್ಟು ಕೊಕೇನ್ ಕೊಳ್ಳಲು ಹೊರಟಿದ್ದ. ಅವನು ಬಂದೂಕನ್ನು ಬಳಸಿದನೇ? 1993ರಲ್ಲಿ ಆರು ನ್ಯಾಯಮೂರ್ತಿಗಳು ಹೌದೆಂದರು, ಮೂವರು ಅಲ್ಲವೆಂದರು. ಮಷೀನ್‌ಗನ್ ಆದ್ದರಿಂದ ಶಿಕ್ಷೆ ಕನಿಷ್ಠ 30 ವರ್ಷ. ಭಿನ್ನಮತ ಬರೆದ ಸ್ಕಾಲಿಯಾ ಕೇಳಿದ್ದು ಹೀಗೆ: ನೀವು ಊರುಗೋಲು ಬಳಸುತ್ತೀರಾ ಎಂದು ಯಾರಾದರೂ ಕೇಳಿದರೆ, ತಾತನ ಬೆಳ್ಳಿಹಿಡಿಯ ಕೋಲನ್ನು ಮನೆಯಲ್ಲಿ ಅಲಂಕಾರಕ್ಕೆ ಇಟ್ಟಿದ್ದೀರಾ ಎಂದು ಅರ್ಥವೇ?

1998ರ ಮಸ್ಕರೆಲೊ ಪ್ರಕರಣ ಇದಕ್ಕಿಂತ ರಂಜಕ. ಬಂದೂಕು ಇದ್ದದ್ದು ಟ್ರಕ್ಕಿನ ಬೀಗ ಹಾಕಿದ ಸಣ್ಣ ಖಾನೆಯಲ್ಲಿ. ಅದು ‘ಒಯ್ಯುವುದೇ’? ನ್ಯಾಯಮೂರ್ತಿ ಬ್ರೇಯರ್ ನಿಘಂಟುಗಳನ್ನು ತೆರೆದರು, ಬೈಬಲ್ಲನ್ನೂ ರಾಬಿನ್ಸನ್ ಕ್ರೂಸೋ ಕಾದಂಬರಿಯನ್ನೂ ನೋಡಿದರು, ಕಂಪ್ಯೂಟರಿನಲ್ಲಿ ಪತ್ರಿಕೆಗಳ ವಾಕ್ಯಗಳನ್ನು ಹುಡುಕಿಸಿದರು. ಮೂರರಲ್ಲಿ ಒಂದರಷ್ಟು ವಾಕ್ಯಗಳಲ್ಲಿ ಗಾಡಿಯಲ್ಲಿ ಸಾಗಿಸುವ ಅರ್ಥ ಸಿಕ್ಕಿತು; ಹೌದು, ಒಯ್ದಂತೆಯೇ ಎಂದು ಐದು-ನಾಲ್ಕರಲ್ಲಿ ತೀರ್ಪಾಯಿತು. ಎದುರು ಬರೆದ ಗಿನ್ಸ್‌ಬರ್ಗ್ ತಾವೂ ಸಾಹಿತ್ಯ, ಸಿನಿಮಾ, ಟಿವಿ ಧಾರಾವಾಹಿಗಳಿಂದ ಉದಾಹರಣೆ ತಂದು, ಮೈಮೇಲೆ ಧರಿಸಿ ಒಯ್ಯುವುದೇ ಸಹಜ ಅರ್ಥ ಎಂದರು. 2007ರಲ್ಲಿ ಮೂರನೆಯ ಪ್ರಕರಣ: ಮಾದಕವಸ್ತು ಕೊಟ್ಟು ಬಂದೂಕು ಪಡೆದವನು ಅದನ್ನು ‘ಬಳಸಿದನೇ’? ಇಲ್ಲ ಎಂದು ಕೋರ್ಟು ಒಮ್ಮತದಿಂದ ಹೇಳಿತು. ಬಂದೂಕು ಕೊಟ್ಟವನು ಬಳಸಿದ, ತೆಗೆದುಕೊಂಡವನು ಬಳಸಲಿಲ್ಲ. ನಿಘಂಟಿನ ಪಟ್ಟಿಯಿಂದ ಒಂದು ಅರ್ಥ ಹೆಕ್ಕಿ ತಕ್ಕಡಿಗೆ ಹಾಕುವ ಪದ್ಧತಿಯ ಮಿತಿ ಈ ಮೂರು ತೀರ್ಪುಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಒಂದು ಅರ್ಥ ಸಾಧ್ಯ ಎಂದು ಮಾತ್ರ ನಿಘಂಟು ಹೇಳೀತು. ಈ ವಾಕ್ಯದಲ್ಲಿ ಅದೇ ಇದೆ ಎಂದು ಹೇಳಲು ನಿಘಂಟಿಗೆ ಆಗದು.

ನಮ್ಮ ಪ್ರಾಚೀನರು ಈ ವ್ಯತ್ಯಾಸವನ್ನು ಚೆನ್ನಾಗಿ ಅರಿತಿದ್ದರು. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗ ಎಂಬ ಭಾಗವೇ ಇದೆ. ಅಲ್ಲಿ ‘ಹರಿ’ ಎಂದರೆ ಯಮ, ಗಾಳಿ, ಇಂದ್ರ, ಚಂದ್ರ, ಸೂರ್ಯ, ವಿಷ್ಣು, ಸಿಂಹ, ಕಿರಣ, ಕುದುರೆ, ಗಿಳಿ, ಹಾವು, ಕೋತಿ, ಕಪ್ಪೆ. ಸಾಲದ್ದಕ್ಕೆ ಕಪಿಲ ಬಣ್ಣ. ಇದು ಪಟ್ಟಿ. ಪಟ್ಟಿಯಿಂದ ಒಂದನ್ನು ಆರಿಸುವುದು ಹೇಗೆ ಎಂಬುದನ್ನು ಭರ್ತೃಹರಿಯ ವಾಕ್ಯಪದೀಯ ಬೇರೆಯಾಗಿ ವಿಚಾರಿಸುತ್ತದೆ: ಸಂಸರ್ಗ, ವಿಪ್ರಯೋಗ, ಸಾಹಚರ್ಯ, ವಿರೋಧ, ಪ್ರಕರಣ, ಔಚಿತ್ಯ, ದೇಶ, ಕಾಲ, ಸ್ವರ ಎಂದು ಮುಂತಾಗಿ. ಶಂಖಚಕ್ರಗಳಿರುವ ಹರಿ ಎಂದರೆ ಕಪ್ಪೆಯಲ್ಲ ಎಂದು ತಿಳಿಯುವುದು ಶಂಖಚಕ್ರಗಳಿಂದ. ಊಟಕ್ಕೆ ಕೂತವನು ‘ಸೈಂಧವ ತಾ’ ಎಂದರೆ ಉಪ್ಪು, ಹೊರಡಲು ಅಣಿಯಾದವನು ಎಂದರೆ ಕುದುರೆ. ಕುದುರೆ ತಂದು ಎಲೆಯ ಮುಂದೆ ನಿಲ್ಲಿಸುವ ಪರಿಚಾರಕ ಎಲ್ಲೂ ಇಲ್ಲ. ಪದದ ಗುಣ ಅದರ ಸಹವಾಸದಿಂದ ತಿಳಿಯುತ್ತದೆ ಎಂದು ಲಂಡನ್ನಿನ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ ಮಾತನ್ನು ಇಂದಿನ ಭಾಷಾವಿಜ್ಞಾನ ಮಂತ್ರದಂತೆ ಜಪಿಸುತ್ತದೆ. ಭರ್ತೃಹರಿಯ ‘ಸಂಸರ್ಗ’ ಅದಕ್ಕಿಂತ ಸುಮಾರು ಒಂದೂವರೆ ಸಾವಿರ ವರ್ಷ ಹಳೆಯದು. ಎರಡೂ ಒಂದೇ ಎನ್ನಲಾರೆ. ಭರ್ತೃಹರಿಯದು ಇರುವ ಅರ್ಥಗಳಲ್ಲಿ ಆಯ್ಕೆಯ ಪ್ರಶ್ನೆ. ಫರ್ತ್‌ಗೆ ಸಹವಾಸವೂ ಅರ್ಥದ ಒಂದು ಭಾಗ.

ಕೇಳುವವನ ತಲೆಯಲ್ಲಿ ಏನಾಗುತ್ತದೆ ಎಂಬುದಕ್ಕೂ ಪ್ರಯೋಗಗಳಾಗಿವೆ. 1979ರಲ್ಲಿ ಡೇವಿಡ್ ಸ್ವಿನ್ನಿ ತೋರಿಸಿದ್ದು: ಹುಳು, ಕದ್ದಾಲಿಸುವ ಸಾಧನ ಎಂಬ ಎರಡರ್ಥವಿರುವ ‘ಬಗ್’ ಪದ ಕಿವಿಗೆ ಬಿದ್ದೊಡನೆ, ಸಂದರ್ಭ ಸ್ಪಷ್ಟವಾಗಿದ್ದರೂ, ಎರಡೂ ಅರ್ಥ ಕ್ಷಣಮಾತ್ರ ಎಚ್ಚರಗೊಳ್ಳುತ್ತವೆ. ಎರಡು ಮೂರು ಅಕ್ಷರ ಮುಂದೆ ಹೋಗುವಷ್ಟರಲ್ಲಿ ಬೇಡದ್ದು ಮಲಗಿರುತ್ತದೆ. ಪರಸ್ಪರ ನಂಟಿಲ್ಲದ ಅರ್ಥಗಳಿರುವ ಪದ ಓದುಗನನ್ನು ತುಸು ತಡೆಯುತ್ತದೆ, ನಂಟುಳ್ಳ ಅರ್ಥಗಳು ಹಲವಿದ್ದರೆ ಗುರುತಿಸುವುದು ಬೇಗವಾಗುತ್ತದೆ ಎಂದು 2002ರ ಇನ್ನೊಂದು ಅಧ್ಯಯನ ಹೇಳಿತು. ‘ರನ್’ನ ನೂರಾರು ಅರ್ಥಗಳು ಇಂಗ್ಲಿಷರಿಗೆ ಹೊರೆಯಾಗದಿರುವ ಗುಟ್ಟು ಇದರಲ್ಲಿರಬೇಕು.

ಯಂತ್ರಕ್ಕೆ ಮಾತ್ರ ಅದು ಬಹುಕಾಲ ಹೊರೆಯೇ ಆಗಿತ್ತು. 1960ರಲ್ಲಿ ಬಾರ್-ಹಿಲ್ಲೆಲ್ ಎಂಬ ತರ್ಕಶಾಸ್ತ್ರಜ್ಞ, ಪೆಟ್ಟಿಗೆ ‘ಪೆನ್’ನಲ್ಲಿತ್ತು ಎಂಬ ಒಂದು ವಾಕ್ಯ ಮುಂದಿಟ್ಟು, ಇಲ್ಲಿ ಪೆನ್ ಎಂದರೆ ಬರೆಯುವ ಪೆನ್ನಲ್ಲ, ಮಗುವನ್ನು ಆಡಲು ಬಿಡುವ ಕಟಕಟೆ ಎಂದು ಯಾವ ಯಂತ್ರಕ್ಕೂ ತಿಳಿಯದು, ಏಕೆಂದರೆ ಪೆಟ್ಟಿಗೆ ದೊಡ್ಡದು ಪೆನ್ನು ಚಿಕ್ಕದು ಎಂಬ ಲೋಕಜ್ಞಾನ ಅದಕ್ಕಿಲ್ಲ ಎಂದರು. ಮುಂದೆ ಅರ್ಥಗಳಿಗೆ ಸಂಖ್ಯೆ ಕೊಟ್ಟು ಯಂತ್ರಕ್ಕೆ ಉಣಿಸುವ ಪ್ರಯತ್ನ ದಶಕಗಳ ಕಾಲ ನಡೆಯಿತು. 2018ರಲ್ಲಿ ಬಂದ ಬರ್ಟ್‌ನಂಥ ಮಾದರಿಗಳು ಪದಕ್ಕೆ ಒಂದೇ ಸ್ಥಿರ ರೂಪವನ್ನಾಗಲಿ, ಅರ್ಥಗಳ ಪಟ್ಟಿಯನ್ನಾಗಲಿ ನೆಚ್ಚಿಕೊಳ್ಳದೆ, ಪ್ರತಿ ವಾಕ್ಯದಲ್ಲೂ ಪದಕ್ಕೆ ಬೇರೆಯೇ ರೂಪ ಲೆಕ್ಕಹಾಕಿದವು. ಕಿಲ್ಗರಿಫ್ ನಂಬದ ಪಟ್ಟಿಯನ್ನು ಯಂತ್ರವೂ ಕೈಬಿಟ್ಟ ಮೇಲೆ ದಾರಿ ಸುಗಮವಾಯಿತು.

ಇಷ್ಟಾದರೂ ಪಟ್ಟಿ ಬಿಟ್ಟಿರದವರು ಒಬ್ಬರಿದ್ದಾರೆ, ಇಂಗ್ಲಿಷ್ ಕಲಿಸುವವರು. 1930ರಲ್ಲಿ ಸಿ. ಕೆ. ಆಗ್ಡನ್ 850 ಪದಗಳಲ್ಲೇ ಇಂಗ್ಲಿಷ್ ಮುಗಿಸುವ ‘ಬೇಸಿಕ್ ಇಂಗ್ಲಿಷ್’ ತಂದರು. ಪದಗಳೇನೋ 850, ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅವುಗಳ ಅರ್ಥಗಳನ್ನು ಎಣಿಸಿದವರಿಗೆ ಹನ್ನೆರಡು ಸಾವಿರಕ್ಕೂ ಮಿಗಿಲಾಗಿ ಸಿಕ್ಕಿತು. ಕಲಿಯುವವನ ಹೊರೆ ಇಳಿಯಲಿಲ್ಲ, ಕಣ್ಣಿಗೆ ಕಾಣದಾಯಿತು ಅಷ್ಟೆ. ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಓದು ಕಲಿಸುವ ಸಮಸ್ಯೆಯನ್ನು ಹತ್ತಿರದಿಂದ ಕಂಡಿದ್ದ ಮೈಕೆಲ್ ವೆಸ್ಟ್‌ಗೆ ಇದು ಗೊತ್ತಿತ್ತು. 1953ರಲ್ಲಿ ಅವರು ಪ್ರಕಟಿಸಿದ ಸುಮಾರು 2,000 ಪದಗಳ ಪಟ್ಟಿಯಲ್ಲಿ ಯಾವ ಅರ್ಥ ಶೇಕಡಾ ಎಷ್ಟು ಸಲ ಬರುತ್ತದೆ ಎಂಬುದನ್ನೂ ಕೊಟ್ಟರು. 1987ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಸಿಂಕ್ಲೇರ್ ಸಂಪಾದಿಸಿದ ಕೋಬಿಲ್ಡ್ ನಿಘಂಟು ಇನ್ನೂ ಮುಂದೆ ಹೋಗಿ ಪ್ರತಿ ಅರ್ಥವನ್ನೂ ಇಡೀ ವಾಕ್ಯದಲ್ಲೇ ವಿವರಿಸಿತು. ಪದವನ್ನು ಅದರ ನೆರೆಹೊರೆಯಿಂದ ಕಿತ್ತು ತೋರಿಸಬಾರದೆಂಬುದು ಸಿಂಕ್ಲೇರ್ ಹಟ.

ಇಂಗ್ಲಿಷ್-ಕನ್ನಡ ನಿಘಂಟಿಗೆ 1824ರ ವಿಲಿಯಂ ರೀವ್ ಅವರ ಕಾಲದಿಂದ ಎರಡು ಶತಮಾನದ ಚರಿತ್ರೆಯಿದೆ. ಮೈಸೂರು ವಿಶ್ವವಿದ್ಯಾನಿಲಯದ ನಿಘಂಟಿನಂಥ ಘನವಾದ ಕೆಲಸಗಳೂ ಆಗಿವೆ. ಆದರೆ ನಮ್ಮ ಶಾಲಾಮಕ್ಕಳ ಚೀಲದಲ್ಲಿರುವುದು ಅವಲ್ಲ, ಒಂದು ಪದಕ್ಕೆ ಒಂದು ಅರ್ಥ ಕೊಡುವ ಕಿರುಪುಸ್ತಕಗಳು. ‘ರನ್ ಎಂದರೆ ಓಡು’ ಎಂದು ಬಾಯಿಪಾಠ ಮಾಡಿದ ಹುಡುಗಿ ಪತ್ರಿಕೆಯ ಮೊದಲ ಪುಟದಲ್ಲೇ ಮುಗ್ಗರಿಸುತ್ತಾಳೆ, ತಪ್ಪು ತನ್ನದೆಂದು ತಿಳಿಯುತ್ತಾಳೆ. ಅವಳಿಗೆ 645 ಅರ್ಥ ಬೇಕಿಲ್ಲ. ಪದದ ಜೊತೆ ನದಿ, ಮೂಗು, ಹೋಟೆಲು, ಚುನಾವಣೆ ಬಂದಾಗ ಕನ್ನಡ ಏನನ್ನುತ್ತದೆ ಎಂದು ತೋರಿಸುವ ಹತ್ತು ವಾಕ್ಯ ಸಾಕು. ಪ್ರಕಾಶಕರು ಮುಂದಿನ ಮುದ್ರಣಕ್ಕೆ ಹೊಸ ಪದಗಳನ್ನು ಸೇರಿಸುವ ಬದಲು, ಇರುವ ಸಾಮಾನ್ಯ ಪದಗಳಿಗೆ ಈ ವಾಕ್ಯಗಳನ್ನು ಸೇರಿಸಲಿ. ಮೇಷ್ಟರು ಅಲ್ಲಿಯವರೆಗೂ ಕಾಯದೆ ನಾಳೆಯ ಪಾಠದಲ್ಲೇ ಶುರುಮಾಡಲಿ.